ಕುರಿ ಹಾಯುವ ಹಿತ್ತಲಿನ ಮನೆ

ಸತ್ತವರ ಹಾಸಿಗೆ ಇನ್ನೂ ಹಾಸಿಯೇ ಇತ್ತು. ತಲೆದಿಂಬಿನ ಪಕ್ಕದ ಮೇಜಿನ ಮೇಲೆ ಅವರ ಕನ್ನಡಕವಿತ್ತು. ಆ ಕೋಣೆಯೊಳಗೆ ನಾವು ಏಳೆಂಟು ಅಪರಿಚಿತರು ಓಡಾಡುತ್ತಿದ್ದೆವು. ಒಬ್ಬಾಕೆ ಬೀರುವಿನ ಬಾಗಿಲು ತೆರೆದು ಒಳಗೆ ಇಣುಕಿದಳು. ಇನ್ನೊಬ್ಬ ಪಕ್ಕದ ಬಚ್ಚಲಿನ ನಲ್ಲಿ ತಿರುಗಿಸಿ ನೀರಿನ ರಭಸ ನೋಡಿದ. ಎಲ್ಲರ ಕಾಲಲ್ಲೂ ಬೂಟು. ಐರ್ಲೆಂಡಿನಲ್ಲಿ ಮನೆ ಕೊಳ್ಳುವವರು ಮನೆ ನೋಡುವುದು ಹೀಗೆ. ಇದಕ್ಕೆ ‘ವ್ಯೂಯಿಂಗ್’ ಅನ್ನುತ್ತಾರೆ. ನನಗೆ ಮಾತ್ರ ಹೊಸ್ತಿಲಲ್ಲೇ ಬೂಟು ಬಿಚ್ಚದೆ ಇರಲಾಗಲಿಲ್ಲ. ಕಾಲುಚೀಲದಲ್ಲಿ ನಿಂತು, ತೀರಿಕೊಂಡ ನೋರಾ ಎಂಬ ಆ ಮುದುಕಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ಅವರ ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡಿದೆ. ಹಿತ್ತಲಿನಾಚೆ ಗುಡ್ಡ, ಗುಡ್ಡದ ತುಂಬ ಕುರಿ. ಆ ಕ್ಷಣಕ್ಕೇ ಈ ಮನೆ ಬೇಕು ಅನ್ನಿಸಿತು.

ನಾನು ಜಗಳೂರು ಸೀಮೆಯ ಕುರಿಗಾರರ ಮಗಳು. ದಾವಣಗೆರೆಯಲ್ಲಿ ನರ್ಸಿಂಗ್ ಓದಿ, ಐರ್ಲೆಂಡಿನ ಪಶ್ಚಿಮ ಕರಾವಳಿಯ ಒಂದು ಚಿಕ್ಕ ಪೇಟೆಯ ಆಸ್ಪತ್ರೆಗೆ ಬಂದವಳು. ನನ್ನ ಗಂಡ ಹಾಲೇಶ ಸಾಸ್ವೆಹಳ್ಳಿಯವರು. ಹೊನ್ನಾಳಿ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದವರು ಈಗ ಇಲ್ಲಿ ಶಾಲೆಯ ಬಸ್ಸು ಓಡಿಸುತ್ತಾರೆ. ಮಗಳು ಸಿಂಚನಾ ಅದೇ ಬಸ್ಸಿನಲ್ಲಿ ಅಪ್ಪನ ಹಿಂದೆ ಕುಳಿತು ಶಾಲೆಗೆ ಹೋಗುತ್ತಾಳೆ. ಎಲ್ಲ ಸುಸೂತ್ರವಾಗಿದ್ದಾಗ ನಾವಿದ್ದ ಬಾಡಿಗೆ ಮನೆಯನ್ನು ಮಾಲೀಕರು ಮಾರಲು ಹೊರಟರು. ಪೇಟೆಯಲ್ಲಿ ಬೇರೆ ಬಾಡಿಗೆ ಮನೆಗಳೇ ಇರಲಿಲ್ಲ. ಸ್ವಂತದ್ದೊಂದು ಸಿಗದಿದ್ದರೆ ದೂರದ ನಗರಕ್ಕೆ ಹೋಗಬೇಕು. ಮಗಳು ಆಗಷ್ಟೇ ಗೆಳತಿಯರನ್ನು ಮಾಡಿಕೊಂಡಿದ್ದಳು.

ಇಲ್ಲಿ ಮನೆ ಮಾರಿಸಿಕೊಡುವವನನ್ನು ‘ಆಕ್ಷನಿಯರ್’ ಎನ್ನುತ್ತಾರೆ, ಅಂದರೆ ಹರಾಜು ಹಾಕುವವನು. ಹೆಸರು ಕೇಳಿ ಹೆದರಿದ್ದೆ. ಆದರೆ ಈ ಮನುಷ್ಯ ನಮ್ಮನ್ನು ನೇರ ಹಿಂದಿನ ಕೋಣೆಗೆ ಕರೆದೊಯ್ದು, ಸೋರಿದ ಕಲೆಯನ್ನು ತೋರಿಸಿ, ಚಳಿಗಾಲಕ್ಕೆ ಮುಂಚೆ ಮಾಡನ್ನು ರಿಪೇರಿ ಮಾಡಿಸಲೇಬೇಕು ಎಂದ. ನಮ್ಮೂರಲ್ಲಿ ಸೈಟು ತೋರಿಸುವವರು ಬೋರಿನ ನೀರು ಸಿಹಿ ಅನ್ನುವುದರಿಂದ ಮಾತು ಶುರು ಮಾಡುತ್ತಾರೆ. ಇವನು ಕುಂದಿನಿಂದ ಶುರು ಮಾಡಿದ್ದ. ಇನ್ನೊಂದು ಕುಂದನ್ನೂ ಮುಚ್ಚಿಡಲಿಲ್ಲ. ಪಕ್ಕದ ಮಾರ್ಟಿನ್ ಎಂಬ ರೈತ ತನ್ನ ಕುರಿಗಳನ್ನು ಈ ಹಿತ್ತಲಿನ ನಡುವೆಯೇ ಗುಡ್ಡಕ್ಕೆ ಹೊಡೆದುಕೊಂಡು ಹೋಗುತ್ತಾನೆ, ತಲೆತಲಾಂತರದಿಂದ ಹಾಯ್ದ ದಾರಿಯಾದ್ದರಿಂದ ಕಾನೂನೂ ಅವನ ಕಡೆಗಿದೆ ಎಂದ.

ನಮ್ಮ ವಕೀಲರು ಖಡಾಖಂಡಿತವಾಗಿ ಹೇಳಿದರು: ದಾರಿ ಬಿಟ್ಟುಕೊಟ್ಟಿದ್ದೇನೆಂದು ಆತ ಸಹಿ ಹಾಕಿದರೆ ಮಾತ್ರ ಮನೆ ಕೊಳ್ಳಿ. ನಮ್ಮ ಜೊತೆ ಪೈಪೋಟಿಗಿದ್ದ ಇನ್ನೊಂದು ಕುಟುಂಬವೂ ಅದೇ ಷರತ್ತು ಹಾಕಿತ್ತು. ಮಾರ್ಟಿನ್ ಯಾರಿಗೂ ಸಹಿ ಹಾಕಿಕೊಡಲಿಲ್ಲ.

ಹಾಲೇಶ ಕೂಡ ಬೇಡವೆಂದರು. “ಕುರಿ ಹಾಯೋ ಹಿತ್ಲು ತಗಂಡು ಏನ್ ಮಾಡಾಕೆ? ನಾಳೆ ಮಾರಾಕೆ ಹೋದ್ರೆ ಯಾರೂ ಮೂಸಲ್ಲ.”

“ನಾವು ತಗಳ್ತಿರೋದು ಇರಾಕೆ ಅಲ್ಲೇನ್ರೀ, ಮಾರಾಕಾ?” ಎಂದೆ.

ನನಗೆ ಅಪ್ಪನ ನೆನಪಾಗಿತ್ತು. ನಮ್ಮ ಹಟ್ಟಿಯಿಂದ ಕೆರೆಗೆ ಹೋಗುವ ದಾರಿಗೆ ಒಬ್ಬರು ಬೇಲಿ ಹಾಕಿಸಿದ ವರ್ಷ, ಅಪ್ಪ ಎಳೆಮರಿಗಳನ್ನು ಕಂಬಳಿಯಲ್ಲಿ ಕಟ್ಟಿಕೊಂಡು ಇಡೀ ಗುಡ್ಡ ಬಳಸಿ ನೀರಿಗೆ ಹೋಗುತ್ತಿದ್ದ. ಬೇಲಿಯವರೊಂದಿಗೆ ಜಗಳವಾಡಲಿಲ್ಲ. ಊಟಕ್ಕೆ ಕೂತಾಗ ಮಾತಾಡುವುದನ್ನು ಮಾತ್ರ ನಿಲ್ಲಿಸಿದ್ದ. ದಾರಿ ಕಳೆದುಕೊಂಡ ಕುರಿಗಾರನ ಮೌನ ಎಂಥದ್ದೆಂದು ನನಗೆ ಗೊತ್ತಿತ್ತು.

ಮುಂದಿನ ಭಾನುವಾರ ಮಾರ್ಟಿನ್ ಮನೆಗೆ ಹೋದೆವು. ಅಕ್ಕನೊಂದಿಗೆ ಇರುವ ಮನುಷ್ಯ, ಅರವತ್ತು ದಾಟಿದ್ದಿರಬಹುದು. ನಮ್ಮನ್ನು ಕಂಡು ಮುಖ ಗಂಟಿಕ್ಕಿದರೂ ಒಳಗೆ ಕರೆದು ಕೆಟಲ್ ಇಟ್ಟ. ಈ ದೇಶದಲ್ಲೂ ಬಂದ ಕೆಲಸವನ್ನು ಯಾರೂ ಮೊದಲೇ ಎತ್ತುವುದಿಲ್ಲ. ಮಳೆಯ ಮಾತಾಗಬೇಕು, ಚಹಾ ಆಗಬೇಕು. ನಮ್ಮ ಕಡೆ ಮಳೆ ಬಂತಾ ಎಂದು ಕೇಳಿದರೆ ಇಲ್ಲಿ ಮಳೆ ನಿಂತೀತಾ ಎಂದು ಕೇಳುತ್ತಾರೆ, ಅಷ್ಟೇ ವ್ಯತ್ಯಾಸ. ಫೋನಿನಲ್ಲಿ ನನ್ನ ತಮ್ಮನ ಕುರಿಹಿಂಡಿನ ಚಿತ್ರ ತೋರಿಸಿದೆ. ಅವನು ಕನ್ನಡಕ ತಂದ, ಅಕ್ಕನನ್ನೂ ಕರೆದ. ದಿನವಿಡೀ ಹಿಂಡಿನ ಜೊತೆಗೇ ನಡೆಯುತ್ತೀರಾ ಎಂದು ಅಚ್ಚರಿಪಟ್ಟ. ಅವರಲ್ಲಿ ಕುರಿಗಳನ್ನು ಬೇಲಿಯೊಳಗೆ ಬಿಟ್ಟು ಮನೆಗೆ ಬಂದುಬಿಡುತ್ತಾರೆ. ಕೊನೆಗೆ ಅವನೇ ವಿಷಯಕ್ಕೆ ಬಂದ.

“ಅದು ನನ್ನಪ್ಪ ನಡೆದ ದಾರಿ. ನಾನು ಸಹಿ ಹಾಕುವುದಿಲ್ಲ.”

“ಸಹಿ ಕೇಳಲು ಬಂದಿಲ್ಲ,” ಎಂದೆ. “ನೀವು ಹಾಯುತ್ತಲೇ ಇರಿ. ಬರುವ ಮುಂಚೆ ಒಂದು ಕೂಗು ಹಾಕಿ. ಮಗಳು ಹಿತ್ತಲಲ್ಲಿ ಆಡುತ್ತಿರುತ್ತಾಳೆ, ಒಳಗೆ ಕರೆದುಕೊಳ್ಳುತ್ತೇನೆ.”

ಅವನು ನನ್ನ ಲೋಟಕ್ಕೆ ಮತ್ತಷ್ಟು ಚಹಾ ಸುರಿದ. ಅವನ ಅಕ್ಕ ಎದ್ದು ಹೋಗಿ ಹಣ್ಣಿನ ಬ್ರೆಡ್ಡು ಕೊಯ್ದು ತಂದಿಟ್ಟಳು. ವಾಪಸು ಬರುವಾಗ ಹಾಲೇಶ ಕಾರಿನಲ್ಲಿ, “ಆಯ್ತು ಬಿಡು, ಕುರಿ ತಾನೇ,” ಎಂದರು. ಮಾರನೆಯ ದಿನ ದಾರಿ ಇದ್ದ ಹಾಗೇ ಇರಲಿ ಎಂದು ವಕೀಲರಿಗೆ ಹೇಳಿದವರೂ ಅವರೇ. ಇನ್ನೊಂದು ಕುಟುಂಬ ಹಿಂದೆ ಸರಿಯಿತು. ವಾರಸುದಾರನಾಗಿದ್ದ ನೋರಾಳ ಅಣ್ಣನ ಮಗ ಮನೆಯನ್ನು ನಮಗೆ ಮಾರಿದ.

ಬೀಗದ ಕೈ ಸಿಕ್ಕ ದಿನ ತಣ್ಣಗೆ ಕೊರೆಯುವ ಮನೆಯನ್ನು ಊಹಿಸಿಕೊಂಡೇ ಬಾಗಿಲು ತೆಗೆದೆವು. ಒಳಗೆ ಬೆಚ್ಚಗಿತ್ತು. ನೋರಾ ಇದ್ದಾಗ ಕೊಟ್ಟಿದ್ದ ಒಂದು ಕೀಲಿ ಮಾರ್ಟಿನ್ ಬಳಿ ಉಳಿದಿತ್ತಂತೆ. ಬೆಳಿಗ್ಗೆಯೇ ಬಂದು ಒಲೆಯಲ್ಲಿ ‘ಟರ್ಫ್’ ಹೊತ್ತಿಸಿ, ಕೀಲಿಯನ್ನು ಮೇಜಿನ ಮೇಲಿಟ್ಟು ಹೋಗಿದ್ದ. ಟರ್ಫ್ ಅಂದರೆ ಜವುಗು ನೆಲದಿಂದ ಇಟ್ಟಿಗೆಯಂತೆ ಕೊಯ್ದು ಒಣಗಿಸಿದ ಮಣ್ಣು. ನಮ್ಮ ಸಗಣಿ ಕುಳ್ಳಿನ ಹಾಗೆ ನಿಧಾನ ಉರಿಯುತ್ತದೆ, ಹೊಗೆಯ ವಾಸನೆಯೂ ಕುಳ್ಳಿಗೆ ಹತ್ತಿರ. ಆ ವಾಸನೆಯಲ್ಲೇ ಹಾಲು ಉಕ್ಕಿಸಿದೆ. ಉಕ್ಕಿದ ಹಾಲು ಸೀದು ಹೊಗೆಯ ಅಲಾರಂ ಕಿರುಚಿಕೊಂಡಿತು. ಮಾರ್ಟಿನ್ ಬಕೆಟ್ ಹಿಡಿದು ಓಡಿ ಬಂದ. ವಿಡಿಯೋ ಕರೆಯಲ್ಲಿದ್ದ ಅವ್ವ ಮಾತ್ರ ಇದ್ಯಾವುದನ್ನೂ ಲೆಕ್ಕಿಸದೆ, “ಹಾಲು ಯಾವ ದಿಕ್ಕಿಗೆ ಉಕ್ತು ಹೇಳು ಮದ್ಲು,” ಎಂದು ಕೇಳುತ್ತಿದ್ದಳು.

ಈಗ ಎರಡು ವರ್ಷ. ಮಾರ್ಟಿನ್ ಕೂಗು ಹಾಕಿದರೆ ಸಿಂಚನಾ ಒಳಗೆ ಬರುವುದಿಲ್ಲ, ಕುರಿಗಳಿಗೆ ಗೇಟು ತೆರೆದು ಹಿಡಿದು ನಿಲ್ಲುತ್ತಾಳೆ. ಪೇಟೆಯವರಿಗೆ ಇದು ಇವತ್ತಿಗೂ ‘ನೋರಾಳ ಮನೆ’. ನನಗೆ ಬೇಸರವಿಲ್ಲ. ನಮ್ಮ ಊರಲ್ಲೂ ತೀರಿಹೋದವರ ಹೆಸರಿನ ಹೊಲಗಳನ್ನು ಬೇರೆಯವರು ಉಳುತ್ತಾರೆ.

ಕಳೆದ ಆಗಸ್ಟಿನಲ್ಲಿ, ಇಲ್ಲಿನ ಶಾಲೆಯ ಬೇಸಿಗೆ ರಜೆಗೆ, ಜಗಳೂರಿಗೆ ಹೋಗಿದ್ದೆವು. ತಮ್ಮನ ಮನೆ ತುಂಬ ಜನ, ಅಂಗಳದ ತುಂಬ ಮರಿಗಳು. ನನಗೆ ನಾನೇ ಮರಳಿ ಸಿಕ್ಕ ಹಾಗಿತ್ತು. ಆದರೂ ಸಂಜೆಯಾದರೆ ಅಲ್ಲಿ ಐರ್ಲೆಂಡಿನಲ್ಲಿ ಮಾಡು ಸೋರುತ್ತಿದೆಯೋ ಏನೋ ಎಂಬ ಯೋಚನೆ ತಪ್ಪುತ್ತಿರಲಿಲ್ಲ. ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಅವ್ವ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ನನ್ನ ಚೀಲಕ್ಕೆ ತುರುಕಿದಳು. ಇಷ್ಟು ವರ್ಷ “ಅಲ್ಲಿಗೆ ಹೋದ ಮ್ಯಾಲೆ ಫೋನ್ ಮಾಡು” ಅನ್ನುತ್ತಿದ್ದವಳು, ಅವತ್ತು ಬಸ್ಸು ಅಲುಗಿದಾಗ ಕಿಟಕಿಯ ಸರಳು ಹಿಡಿದು, “ಮನಿ ಮುಟ್ಟಿದ ಮ್ಯಾಲೆ ಫೋನ್ ಮಾಡು,” ಎಂದಳು.

ಹೂಂ ಅಂದೆ. ಅವ್ವ ಅದನ್ನು ಮನೆ ಅಂದಳಲ್ಲ ಎಂದು ಸಂತೋಷವಾಯಿತು. ಬಸ್ಸು ಮೆಕ್ಕೆಜೋಳದ ಹೊಲಗಳ ನಡುವೆ ಬಹಳ ದೂರ ಬರುವವರೆಗೂ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ.