ಚೌಡಮ್ಮನ ಕಮಾನುಗಾಡಿ

ನ್ಯಾಮತಿಯಲ್ಲಿ ಚೌಡಮ್ಮನನ್ನು ಕಂಡರೆ ಆಗದವರೇ ಬಹಳ. ಗಂಡ ಸತ್ತ ವರ್ಷ, ಅಂದರೆ ಮೂವತ್ತೆಂಟನೇ ಇಸವಿಯಲ್ಲಿ, ಮೈದುನರು ಎತ್ತು ಮಾರಲು ಗಿರಾಕಿ ಕರೆತಂದರೆ, ಇವಳು ತಾನೇ ಕಮಾನುಗಾಡಿ ಹೂಡಿಕೊಂಡು ಬಾಡಿಗೆಗೆ ಹೊರಟುಬಿಟ್ಟಿದ್ದಳು.

ಬರೀ ಗಾಡಿ ಹೊಡೆಯುವುದಕ್ಕಾದರೆ ಗಂಡಸರಿರಲಿಲ್ಲವೇ? ಚೌಡಮ್ಮ ಜೊತೆಗಿರುತ್ತಿದ್ದಳು. ಬಸುರಿಯನ್ನು ಹೊನ್ನಾಳಿ ಆಸ್ಪತ್ರೆಗೆ ಕರೆದೊಯ್ದರೆ ಪಕ್ಕದಲ್ಲೇ ಕೂತು, ಅವಳು ಹೇಳಲು ನಾಚಿದ್ದನ್ನು ಡಾಕ್ಟರಿಗೆ ತಾನೇ ಹೇಳಿ, ತಿರುಗಿ ಮನೆ ಬಾಗಿಲಿಗೇ ತಂದು ಇಳಿಸುತ್ತಿದ್ದಳು. ಹೆಂಗಸರಿಗೆ ಅವಳೇ ಬೇಕಾಗಿತ್ತು.

ಅಡಿಕೆ ವ್ಯಾಪಾರಿ ಮಹೇಶ್ವರಪ್ಪನ ಹೆಂಡತಿ ಕೊಟ್ರಮ್ಮನಿಗೆ ಇದನ್ನು ಸಹಿಸಲಾಗಲಿಲ್ಲ. "ಮುತ್ತೈದೆ ಹೊರಡೋ ಹೊತ್ನಾಗೆ ಬಾಗಿಲಾಗೆ ಮುಂಡೆ ನಿಂತಿರಬೇಕೇನು?" ಎಂದು ಊರೆಲ್ಲ ಆಡಿದಳು. ಚೌಡಮ್ಮನ ಗಾಡಿ ಪೇಟೆ ಬೀದಿಗೆ ಬರಕೂಡದು, ಊರಾಚೆ ಬೇವಿನ ಮರದ ಹತ್ತಿರವೇ ನಿಲ್ಲಬೇಕು ಎಂದು ಗಂಡನ ಬಾಯಲ್ಲಿ ಹೇಳಿಸಿದಳು. ದಿನ ತುಂಬಿದವಳು ಅಲ್ಲಿತನಕ ಹೇಗೆ ನಡೆದಾಳು? ಎರಡು ವರ್ಷದಲ್ಲಿ ಬಾಡಿಗೆ ನಿಂತೇಹೋಯಿತು. ಇನ್ನು ಗಾಡಿ ಮಾರುವುದೊಂದೇ ಉಳಿದಿತ್ತು. ಚೌಡಮ್ಮ ದಿನಾ ಕೊಟ್ರಮ್ಮನಿಗೆ ಹಿಡಿಶಾಪ ಹಾಕುತ್ತಿದ್ದಳು.

ಅಷ್ಟರಲ್ಲಿ ಮಹೇಶ್ವರಪ್ಪ ತೀರಿಕೊಂಡ. ನಾಲ್ಕು ತಿಂಗಳಾದ ಮೇಲೆ, ಹೊನ್ನಾಳಿಗೆ ಕೊಟ್ಟಿದ್ದ ಮಗಳು ಶಂಕ್ರಮ್ಮ ಮೂರನೇ ಹೆರಿಗೆಯಾಗಿ ಜ್ವರ ಹಿಡಿದು ಮಲಗಿದಳು. ಅವ್ವ ಬರಲಿ ಎಂದು ಹೇಳಿಕಳಿಸಿದಳು.

"ವರ್ಷ ತುಂಬೋ ತನಕ ನೀನು ಹೊಸ್ತಿಲು ದಾಟಬ್ಯಾಡ. ಬಾಣಂತಿ ಮನೆಗಂತೂ ಬ್ಯಾಡವೇ ಬ್ಯಾಡ" ಎಂದ ಹಿರಿಮಗ ಮರುಳಪ್ಪ. ಮನೆಯ ಗಾಡಿ ಕೊಡಲಿಲ್ಲ.

ಬೆಳಿಗ್ಗೆ ಕೊಟ್ರಮ್ಮ ಸೆರಗು ಮುಖಕ್ಕೆಳೆದುಕೊಂಡು ಬೇವಿನ ಮರದ ಹತ್ತಿರ ಬಂದಳು.

"ಹೊನ್ನಾಳಿಗೆ ಗಾಡಿ ಹೂಡೇ ಚೌಡಿ."

"ಇಲ್ಲಿ ಹತ್ತಿಸ್ಕಳಲ್ಲ" ಎಂದಳು ಚೌಡಮ್ಮ.

"ಮಗಳಿಗೆ ಮೈಮ್ಯಾಲೆ ಎಚ್ಚರಿಲ್ಲ ಕಣೇ."

"ಬರಲ್ಲ ಅಂದ್ನೇನ್ರಿ? ಮನೆಗೆ ಹೋಗ್ರಿ. ನಿಮ್ಮ ಬಾಗಿಲಿಗೇ ಗಾಡಿ ತರ್ತೀನಿ. ಅಲ್ಲಿ ಹತ್ರಿ."

"ಸೇಡು ತೀರಿಸ್ಕಳಾಕೆ ಇದೇ ಹೊತ್ತು ಬೇಕಾಗಿತ್ತೇನೇ?"

"ಹೂಂ, ಇದೇ ಬೇಕಾಗಿತ್ತು."

ಕನಿಕರ ಗಿನಿಕರ ಏನೂ ಇರಲಿಲ್ಲ ಚೌಡಮ್ಮನಿಗೆ. ಎರಡು ವರ್ಷ ಉಂಡ ಅವಮಾನ ಅಷ್ಟು ಸುಲಭಕ್ಕೆ ಅರಗುತ್ತದೆಯೇ?

ಗೆಜ್ಜೆ ಸದ್ದು ಮಾಡುತ್ತ ಗಾಡಿ ಪೇಟೆ ಬೀದಿಗೆ ಬಂತು. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಮರುಳಪ್ಪ ಅಡ್ಡ ನಿಂತ. ಕೊಟ್ರಮ್ಮ ಅವನನ್ನು ಮೊಣಕೈಯಲ್ಲಿ ತಳ್ಳಿ ಗಾಡಿ ಹತ್ತಿದಳು. ಯಾರಿಗೂ ಕಾಣದ ಹಾಗೆ ಹಿಂದಿನ ಮೂಲೆಯಲ್ಲಿ ಮುದುಡಿ ಕೂತಳು. ಭಾರವೆಲ್ಲ ಹಿಂದಾಗಿ ನೊಗ ಮೇಲೆದ್ದಿತು.

"ಎತ್ತಿನ ಕುತ್ತಿಗೆ ಬಿಗೀತೈತೆ. ಮುಂದಕ್ಕೆ ಬರ್ರಿ" ಎಂದಳು ಚೌಡಮ್ಮ.

"ಇಲ್ಲೇ ಇರ್ತೀನಿ ಬಿಡೇ."

"ಹಂಗಾದ್ರೆ ಗಾಡಿ ಹೋಗಲ್ಲ."

ಕೊಟ್ರಮ್ಮ ಹಲ್ಲು ಕಚ್ಚಿಕೊಂಡು ಮುಂದೆ ಸರಿದು ಚೌಡಮ್ಮನ ಪಕ್ಕದಲ್ಲೇ ಕೂತಳು. ಇಬ್ಬರ ಬರಿ ಹಣೆಯೂ ಬೀದಿಗೆ ಕಾಣುತ್ತಿತ್ತು.

ಎದುರುಮನೆಯ ಬಸುರಿ ಸೊಸೆ ಹೊಸ್ತಿಲಿಂದ ಕೇಳಿದಳು, "ಚೌಡಮ್ಮಾ, ಗುರುವಾರ ನಮ್ಮ ಬಾಗಿಲಿಗೂ ತರ್ತೀಯಾ?"

ಚೌಡಮ್ಮ ಹಗ್ಗ ಬಿಗಿಹಿಡಿದು ಕೊಟ್ರಮ್ಮನ ಮುಖವನ್ನೇ ನೋಡುತ್ತ ಕೂತಳು. ಎತ್ತು ಕದಲಲಿಲ್ಲ.

"ತರ್ತಾಳೆ" ಎಂದಳು ಕೊಟ್ರಮ್ಮ. "ಹೊಡಿಯೇ ಇನ್ನ."