ಕಡ್ಡಿಯ ಅಳತೆಯ ಬೂಟು

ನಮ್ಮ ದೊಡ್ಡಮ್ಮ ನೀಲಾಂಬಿಕೆಯವರ ಎಡಗಾಲಿನಲ್ಲಿ ನಾಲ್ಕೇ ಬೆರಳಿವೆ. ಇದನ್ನು ಬರೆಯಬಹುದೇ ಎಂದು ಅವರನ್ನು ಎರಡು ಸಲ ಕೇಳಿದೆ. ಮೊದಲ ಸಲ ಕಾಲು ಹಿಂದಕ್ಕೆಳೆದುಕೊಂಡು ಎದ್ದುಹೋದರು. ಎರಡನೆಯ ಸಲ, "ಬರಿ, ಈಗೇನು ಮುಚ್ಚಿಡೋದು" ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ಹೊಳೆನರಸೀಪುರದ ಅವರ ಮನೆಗೆ ಬಂದು ಎರಡು ವರ್ಷವಾಯಿತು. ನೋಡಿದ್ದನ್ನು, ಮನೆಯವರ ಬಾಯಿಂದ ಕೇಳಿದ್ದನ್ನು ಮಾತ್ರ ಬರೆಯುತ್ತೇನೆ.

ದೊಡ್ಡಮ್ಮನಿಗೆ ಐವತ್ತೆರಡು. ಊರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಇಪ್ಪತ್ತೇಳು ವರ್ಷದಿಂದ ಕೆಲಸ. ಗಂಜಿ ಹಾಕಿದ ಕಾಟನ್ ಸೀರೆ, ಭುಜದ ಮೇಲೆ ಒಂದೇ ಪಿನ್ನು, ಕೊರಳಲ್ಲಿ ಬ್ಯಾಂಕಿನ ಗುರುತಿನ ಚೀಟಿ. ಬೆಳಿಗ್ಗೆ ಒಂಬತ್ತೂವರೆಗೆ ಹೊರಟರೆ ಸೀರೆಯ ನೆರಿಗೆ ಸಂಜೆಯವರೆಗೂ ಹಾಗೇ ಇರುತ್ತದೆ. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ. ಮೂರು ವರ್ಷದ ಹಿಂದೆ ಚಪ್ಪಲಿಯೊಳಗೆ ಒಂದು ಜಲ್ಲಿಕಲ್ಲಿನ ಚೂರು ಸೇರಿಕೊಂಡಿತ್ತು. ಅದನ್ನು ತುಳಿದುಕೊಂಡೇ ಇಡೀ ದಿನ ಓಡಾಡಿದರು. ಕಾಲಿಗೆ ಸ್ಪರ್ಶವಿಲ್ಲವೆಂದು ಆವರೆಗೆ ಅವರಿಗೂ ತಿಳಿದಿರಲಿಲ್ಲ. ಗಾಯ ಕೀವಾಗಿ, ಹಾಸನದ ಆಸ್ಪತ್ರೆಯಲ್ಲಿ ಕಿರುಬೆರಳು ತೆಗೆದರು. ವಾಸಿಯಾಗಲು ಏಳು ತಿಂಗಳು ಹಿಡಿಯಿತು. ಇನ್ನೊಂದು ಗಾಯವಾದರೆ ಪಾದವೇ ಉಳಿಯುವುದು ಕಷ್ಟ ಎಂದು ಡಾಕ್ಟರು ಆಗಲೇ ಹೇಳಿದ್ದರು.

ಬ್ಯಾಂಕಿನಲ್ಲಿ ಬೆನ್ನುನೋವು ಎಂದು ಹೇಳಿ ರಜೆ ಹಾಕಿದ್ದರು. ಮತ್ತೆ ಕೆಲಸಕ್ಕೆ ಹೋಗುವಾಗ ಮೆಡಿಕಲ್ ಅಂಗಡಿಯಲ್ಲಿ ಸಿಗುವ, ಒಳಗೆ ಮೆತ್ತನೆ ರಬ್ಬರಿರುವ ಚಪ್ಪಲಿ ತೊಟ್ಟರು, ಮುಂಭಾಗ ಮುಚ್ಚಿರುವಂಥದ್ದು. ಸೀರೆಯನ್ನು ಎರಡು ಬೆರಳಷ್ಟು ಕೆಳಗೆ ಇಳಿಸಿ ಉಡತೊಡಗಿದರು. ಯಾರಿಗೂ ತಿಳಿಯಲಿಲ್ಲ.

ಮನೆಯಲ್ಲಿ ದಿನಾ ಸಂಜೆ ಏಳು ಗಂಟೆಗೆ ಒಂದು ಕೆಲಸ ತಪ್ಪುವುದಿಲ್ಲ. ದೊಡ್ಡಮ್ಮ ಕುರ್ಚಿಯಲ್ಲಿ ಕೂತು ಎಡಗಾಲನ್ನು ಮಣೆಯ ಮೇಲೆ ಚಾಚುತ್ತಾರೆ. ದೊಡ್ಡಪ್ಪ ಈಶ್ವರಯ್ಯ ತಮ್ಮ ಗೊಬ್ಬರದ ಅಂಗಡಿಯಿಂದ ಆ ಹೊತ್ತಿಗೆ ಬಂದು, ಕೈ ತೊಳೆದು, ಟಾರ್ಚ್ ಹಿಡಿದು ನೆಲದ ಮೇಲೆ ಕೂರುತ್ತಾರೆ. ಅಂಗಾಲು, ಹಿಮ್ಮಡಿ, ಬೆರಳಿನ ಸಂದು ಎಲ್ಲವನ್ನೂ ನೋಡುತ್ತಾರೆ. ಆದರೆ ಮುಟ್ಟುವಂತಿಲ್ಲ. ಗಂಡನ ಕೈಯಲ್ಲಿ ಕಾಲು ಮುಟ್ಟಿಸಿಕೊಳ್ಳಲು ದೊಡ್ಡಮ್ಮ ಒಪ್ಪುವುದಿಲ್ಲ. ಮೊದಲ ದಿನವೇ, ನೋಡಿ ಸಾಕು, ಮುಟ್ಟಬೇಡಿ ಎಂದು ಹೇಳಿದ್ದರಂತೆ. ಬೆರಳು ಬಿಡಿಸಿ ನೋಡಬೇಕಾದಾಗ ಅವರೇ ಬಗ್ಗಿ ಬಿಡಿಸುತ್ತಾರೆ. ದೊಡ್ಡಪ್ಪ ಟಾರ್ಚ್ ಆರಿಸಿ "ಏನೂ ಇಲ್ಲ" ಎಂದ ಮೇಲೆಯೇ ಮನೆಯಲ್ಲಿ ಊಟಕ್ಕೆ ತಟ್ಟೆ ಹಾಕುವುದು.

ಡಿಸೆಂಬರ್ ಮೊದಲ ವಾರ ಬ್ಯಾಂಕಿನಿಂದ ಪತ್ರ ಬಂತು. ಜನವರಿಯಲ್ಲಿ ಶಿಮ್ಲಾದಲ್ಲಿ ಐದು ದಿನದ ತರಬೇತಿ. ಅದನ್ನು ಮುಗಿಸಿದವರನ್ನೇ ಅರಕಲಗೂಡು ಶಾಖೆಗೆ ಮ್ಯಾನೇಜರ್ ಮಾಡುತ್ತಾರೆ. ಹಿಂದೆ ಎರಡು ಸಲ ದೊಡ್ಡಮ್ಮ ಇಂಥ ಅವಕಾಶಗಳನ್ನು ಒಂದಲ್ಲ ಒಂದು ನೆಪ ಹೇಳಿ ಬಿಟ್ಟಿದ್ದರು. ಇದನ್ನು ಬಿಟ್ಟರೆ ನಿವೃತ್ತಿಯವರೆಗೂ ಅದೇ ಕುರ್ಚಿ. ಪತ್ರದ ಜೊತೆಗಿದ್ದ ಹಾಳೆಯ ಕೊನೆಯಲ್ಲಿ ಒಂದು ಸಾಲು ಇತ್ತು: ತರಗತಿಗೆ ಕಚೇರಿ ಉಡುಪು ಕಡ್ಡಾಯ, ಹಿಮ ಬೀಳುವುದರಿಂದ ಪಾದ ಪೂರ್ತಿ ಮುಚ್ಚುವ ಬೆಚ್ಚಗಿನ ಬೂಟು ತರಬೇಕು. ಆ ಸಾಲನ್ನು ದೊಡ್ಡಮ್ಮ ಎಷ್ಟು ಸಲ ಓದಿದರೋ. ಹಾಳೆ ಅಲ್ಲಿಗೇ ಮಡಚಿಕೊಳ್ಳುತ್ತಿತ್ತು.

ಬ್ಯಾಂಕಿನಲ್ಲಿ ಅವರ ಪಕ್ಕದ ಮೇಜಿನ ದೀಪಶ್ರೀಗೆ ಇಪ್ಪತ್ತೆಂಟು ವರ್ಷ. ಸುದ್ದಿ ತಿಳಿದ ದಿನದಿಂದ ಅವರು ದೊಡ್ಡಮ್ಮನ ಮೊಬೈಲಿಗೆ ಬೂಟಿನ ಚಿತ್ರಗಳನ್ನು ಕಳಿಸತೊಡಗಿದರು. ಕಪ್ಪು ಬಣ್ಣದ್ದೇ ಆಗಬೇಕು, ಕಣಕಾಲಿನವರೆಗೆ ಸಾಕು, ತುದಿ ಚೂಪಾಗಿದ್ದರೆ ಸೀರೆಗೆ ಚೆಂದ ಎಂದೆಲ್ಲ ಬರೆಯುತ್ತಿದ್ದರು. ಒಟ್ಟಿಗೆ ಹಾಸನಕ್ಕೆ ಹೋಗಿ ತರೋಣ ಎಂದೂ ಕರೆದರು. ದೊಡ್ಡಮ್ಮ ನೋಡೋಣ ಎಂದು ಜಾರಿಕೊಂಡರು. ಅಂಗಡಿಗೆ ಹೋದರೆ ಯಾರಾದರೂ ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತು ಕಾಲು ಕೊಡಿ ಅನ್ನುತ್ತಾರೆ ಎಂಬುದೇ ಅವರ ಭಯ.

ದೊಡ್ಡಪ್ಪ ಇದಕ್ಕೆ ತಮಗೆ ಗೊತ್ತಿದ್ದ ದಾರಿ ಹಿಡಿದರು. ನಮ್ಮ ಕಡೆ ಗಂಡಸರು ಪೇಟೆಗೆ ಹೋಗಿ ಮನೆಯ ಹೆಂಗಸರಿಗೆ ಚಪ್ಪಲಿ ತರುವಾಗ ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಕಿತ್ತು, ಪಾದದ ಉದ್ದಕ್ಕೆ ಮುರಿದು, ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ. ದೊಡ್ಡಪ್ಪ ಮದುವೆಯಾದಾಗಿನಿಂದ ಹಾಗೇ ತಂದಿದ್ದಾರೆ. ಒಂದು ಸಲವೂ ಅಳತೆ ತಪ್ಪಿಲ್ಲ. ಈ ಸಲವೂ ದೊಡ್ಡಮ್ಮನ ಪಾದದ ಪಕ್ಕ ನೆಲದ ಮೇಲೆ ಕಡ್ಡಿ ಇಟ್ಟು, ಮುಟ್ಟದೆಯೇ ಅಳೆದು, ಹಾಸನಕ್ಕೆ ಹೋಗಿ ದೀಪಶ್ರೀ ಕಳಿಸಿದ ಚಿತ್ರದಂಥದ್ದೇ ಒಂದು ಜೊತೆ ತಂದರು. ಕಪ್ಪು ಚರ್ಮ, ಒಳಗೆ ಉಣ್ಣೆ, ಪಕ್ಕದಲ್ಲಿ ಜಿಪ್ಪು, ಚೂಪು ತುದಿ.

ಡಾಕ್ಟರು ಯಾವಾಗಲೂ ಬಿಳಿ ಕಾಲುಚೀಲವನ್ನೇ ಹಾಕಲು ಹೇಳಿದ್ದರು, ರಕ್ತ ಬಂದರೆ ಕಾಣಲಿ ಎಂದು. ಬಿಳಿ ಕಾಲುಚೀಲ ಹಾಕಿ ದೊಡ್ಡಮ್ಮ ಬೂಟು ತೊಟ್ಟು ನಿಂತರು. ನೋಡಲು ನಿಜವಾಗಿಯೂ ಚೆನ್ನಾಗಿತ್ತು. ಬೂದು ಬಣ್ಣದ ಸೀರೆಯ ಅಂಚಿನ ಕೆಳಗೆ ಕಪ್ಪು ತುದಿ ಮಾತ್ರ ಕಾಣುತ್ತಿತ್ತು.

"ಒತ್ತುತ್ತಾ?" ಎಂದು ದೊಡ್ಡಪ್ಪ ಕೇಳಿದರು.

"ಇಲ್ಲ ಕಣ್ರೀ, ಹತ್ತಿ ಇದ್ದಂಗಿದೆ."

ಇಬ್ಬರಿಗೂ ಸಂತೋಷವಾಯಿತು. ನನಗೂ ಆಯಿತು. ಆ ಉತ್ತರಕ್ಕೆ ಬೆಲೆಯಿಲ್ಲ ಎಂದು ಆ ಹೊತ್ತಿನಲ್ಲಿ ಮೂವರಿಗೂ ಹೊಳೆಯಲಿಲ್ಲ.

ಹೊಸ ಬೂಟು ಪಳಗಬೇಕೆಂದು ದೊಡ್ಡಮ್ಮ ದಿನಾ ಸಂಜೆ ಅರ್ಧ ಗಂಟೆ ನಡುಮನೆಯಲ್ಲಿ ನಡೆದರು. ರಸ್ತೆ ತುಳಿಯದ ಬೂಟಾದ್ದರಿಂದ ಒಳಗೆ ನಡೆಯಬಹುದು, ಆದರೂ ದೇವರ ಮನೆಯ ಬಾಗಿಲು ಬಂದಾಗ ದೂರದಿಂದಲೇ ತಿರುಗಿಬಿಡುತ್ತಿದ್ದರು. ನಾಲ್ಕನೆಯ ದಿನ ಬೂಟು ಬಿಚ್ಚಿದಾಗ ಎಡಗಾಲಿನ ಚೀಲದ ಮೇಲೆ, ಕಿರುಬೆರಳು ಇದ್ದ ಜಾಗದಲ್ಲಿ, ತೊಗರಿಬೇಳೆಯಷ್ಟು ಅಗಲದ ಕಂದು ಕಲೆ ಇತ್ತು. ದೊಡ್ಡಪ್ಪ ಟಾರ್ಚ್ ಬಿಟ್ಟರು. ಬಹಳ ಹೊತ್ತು ಬಿಟ್ಟುಕೊಂಡೇ ಇದ್ದರು. "ಏನೂ ಇಲ್ಲ" ಎಂಬ ಮಾತು ಆ ದಿನ ಬರಲಿಲ್ಲ.

ಮಾರನೆಯ ದಿನ ಡಾಕ್ಟರ ಹತ್ತಿರ ಹೋದರು. ಚರ್ಮ ಮೇಲೆ ಮಾತ್ರ ಸುಲಿದಿದೆ, ಹತ್ತು ದಿನ ಬೂಟಿನ ಸುದ್ದಿಗೆ ಹೋಗಬೇಡಿ, ಆಮೇಲೆ ಹಾಕುವುದಾದರೆ ಗೊತ್ತಿರುವವರಿಂದ ಕಾಲು ನೋಡಿಸಿ ತೆಗೆದುಕೊಳ್ಳಿ ಎಂದರಂತೆ. ಈ ಕಾಲನ್ನು ಕೇಳಿ ಪ್ರಯೋಜನವಿಲ್ಲ, ಅದು ನಿಮಗೆ ನಿಜ ಹೇಳುವುದಿಲ್ಲ ಎಂದೂ ಹೇಳಿದರಂತೆ. ಮನೆಗೆ ಬಂದ ದೊಡ್ಡಪ್ಪ ಜೇಬಿನಿಂದ ಆ ಕಡ್ಡಿ ತೆಗೆದು ಕಿಟಕಿಯ ಮೇಲಿಟ್ಟು, ಊಟ ಬೇಡ ಎಂದು ಅಂಗಡಿಗೆ ಹೊರಟುಹೋದರು.

ದೊಡ್ಡಮ್ಮ ತರಬೇತಿಗೆ ಬರಲಾಗುವುದಿಲ್ಲ ಎಂದು ಪತ್ರ ಬರೆದರು. ಅಕ್ಷರ ಎಂದಿನಂತೆ ದುಂಡಗಿತ್ತು. ಅದನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು ಬ್ಯಾಂಕಿಗೆ ಹೋಗುವುದು, ಕೊಡದೆ ವಾಪಸು ತರುವುದು, ಹೀಗೆ ಒಂದು ವಾರ ಕಳೆಯಿತು. ದಿನಾ ಸಂಜೆ ಬಾಗಿಲು ತೆಗೆದಾಗ ನಾನು ಅವರ ಮುಖ ನೋಡುತ್ತಿದ್ದೆ, ಇವತ್ತು ಕೊಟ್ಟುಬಿಟ್ಟರೇನೋ ಎಂದು. ಅಷ್ಟರಲ್ಲಿ ದೀಪಶ್ರೀ, ಮನೆಗೆ ತಂದ ಬೂಟು ಸರಿಹೋಗಲಿಲ್ಲವಂತೆ ಎಂದು ತಿಳಿದು, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ, ತಾನೇ ಬಂದು ಆರಿಸಿಕೊಡುತ್ತೇನೆ ಎಂದು ಹಟ ಹಿಡಿದರು. ಬೇಡ ಎನ್ನಲು ದೊಡ್ಡಮ್ಮನಿಗೆ ಕಾರಣ ಸಿಗಲಿಲ್ಲ. ಅಷ್ಟು ಹೊತ್ತಿಗೆ ಗಾಯ ಒಣಗಿತ್ತು. ಹೊರಡಲು ಎರಡು ವಾರವಿತ್ತು.

ನಾವು ನಾಲ್ವರೂ ಬಸ್ಸಿನಲ್ಲಿ ಹಾಸನಕ್ಕೆ ಹೋದೆವು. ದಾರಿಯುದ್ದಕ್ಕೂ ದೀಪಶ್ರೀ ಶಿಮ್ಲಾದ ಬಗ್ಗೆ ಮಾತಾಡಿದರು. ದೊಡ್ಡಮ್ಮ ಬ್ಯಾಗಿನ ಬಾಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಪತ್ರ ಅದರೊಳಗೇ ಇತ್ತು.

ಅಂಗಡಿಯ ಯಜಮಾನರ ಹೆಸರು ಮೋಹನ್‌ಕುಮಾರ್. ವಯಸ್ಸಾದವರು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡಿದ್ದರು. ದೀಪಶ್ರೀ ಆರಿಸಿದ ಸಣ್ಣ ಹಿಮ್ಮಡಿಯ ಬೂಟನ್ನು ದೊಡ್ಡಮ್ಮ ಕಾಲುಚೀಲ ಬಿಚ್ಚದೆಯೇ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರು.

"ಎಲ್ಲಾದ್ರೂ ಒತ್ತುತ್ತಾ ಅಮ್ಮ?" ಎಂದು ಯಜಮಾನರು ಕೇಳಿದರು.

"ಇಲ್ಲ, ಸರಿಯಾಗಿದೆ" ಎಂದರು ದೊಡ್ಡಮ್ಮ.

ದೀಪಶ್ರೀ ಆಗಲೇ ಡಬ್ಬ ಕಟ್ಟಿಸಲು ಹೊರಟಿದ್ದರು. ದೊಡ್ಡಪ್ಪ ಬಾಯಿ ತೆರೆದು ಮುಚ್ಚಿದರು. ಹೇಳಿದರೆ ಹೆಂಡತಿಯ ಗುಟ್ಟು ಬಯಲಾಗುತ್ತದೆ, ಸುಮ್ಮನಿದ್ದರೆ ಕಾಲು ಹೋಗುತ್ತದೆ. ಅವರು ನೆಲ ನೋಡುತ್ತಾ ನಿಂತರು. ದೊಡ್ಡಮ್ಮ ಅವರನ್ನು ನೋಡಿದರು. ಆಮೇಲೆ ನಿಧಾನವಾಗಿ ವಾಪಸು ಬಂದು ಕೂತರು.

"ನನ್ನ ಮಾತು ನಂಬಬೇಡಿ," ಎಂದರು. "ಆ ಕಾಲಿಗೆ ಏನು ಮಾಡಿದ್ರೂ ನಂಗೆ ಗೊತ್ತಾಗಲ್ಲ."

ಅಷ್ಟು ಹೇಳಿ ಬೂಟು ಬಿಚ್ಚಿದರು. ಕಾಲುಚೀಲವನ್ನೂ ಬಿಚ್ಚಿದರು. ಚೀಲ ಹಿಮ್ಮಡಿಯಲ್ಲಿ ಸಿಕ್ಕಿಕೊಂಡು ಎರಡು ಸಲ ಎಳೆಯಬೇಕಾಯಿತು.

ಮೋಹನ್‌ಕುಮಾರ್ ಕನ್ನಡಕ ಇಳಿಸಿ ನೋಡಿದರು. ಅಯ್ಯೋ ಎನ್ನಲಿಲ್ಲ, ಹೇಗಾಯಿತು ಎಂದೂ ಕೇಳಲಿಲ್ಲ. ಗೋಡೆಯ ಕ್ಯಾಲೆಂಡರಿನಿಂದ ಮುಗಿದ ತಿಂಗಳ ಹಾಳೆ ಹರಿದು, ಮಗುಚಿ ನೆಲಕ್ಕೆ ಹಾಸಿದರು. "ನಿಂತ್ಕೊಳ್ಳಿ ಅಮ್ಮ. ಭಾರ ಬಿಟ್ರೆ ತಾನೆ ಪಾದ ಹರಡೋದು" ಎಂದರು. ದೊಡ್ಡಮ್ಮ ನಿಂತರು. ಯಜಮಾನರು ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಗೆರೆಯ ಮೇಲೇ ಕತ್ತರಿ ಆಡಿಸಿ, ಆ ಕಾಗದದ ಪಾದವನ್ನು ಬೂಟಿನೊಳಗೆ ಸಪಾಟಾಗಿ ತೂರಿಸಿ ಕೈಯಿಂದ ಒತ್ತಿ ಹೊರಗೆ ತೆಗೆದರು. ದೀಪಶ್ರೀ ಆರಿಸಿದ್ದರಲ್ಲಿ ಕಾಗದದ ಅಂಚು ದೋಸೆಯ ಅಂಚಿನಂತೆ ಮೇಲೆದ್ದಿತ್ತು. ಕಾಗದ ಎಲ್ಲಿ ಮಡಚುತ್ತದೋ ಅಲ್ಲಿ ಕಾಲು ಸವೆಯುತ್ತದೆ ಎಂದು ವಿವರಿಸಿದರು. ದೊಡ್ಡಪ್ಪ ಮೆಲ್ಲಗೆ ಕಡ್ಡಿಯ ವಿಷಯ ಹೇಳಿದರು.

"ಕಡ್ಡಿಗೆ ಉದ್ದ ಒಂದೇ ಗೊತ್ತು ಸಾ," ಎಂದರು ಮೋಹನ್‌ಕುಮಾರ್. "ಚಪ್ಪಲಿಗೆ ಅದು ಸಾಕು. ಬೂಟಿಗೆ ಗೋಡೆ ಇರ್ತದಲ್ಲ."

ಐದು ಜೊತೆ ನೋಡಿದ ಮೇಲೆ ಒಂದರಲ್ಲಿ ಮಾತ್ರ ಕಾಗದ ಚಪ್ಪಟೆಯಾಗಿ ಹಾಗೇ ಹೊರಬಂತು. ಅದು ಗಂಡಸರ ಬೂಟು. ಕಪ್ಪಾದರೂ ದಪ್ಪ, ಅಗಲ, ಮುಂದೆ ಉಂಡೆಯಾಗಿ, ಲೇಸು ಕಟ್ಟುವಂಥದ್ದು. ಸೀರೆಯ ಕೆಳಗೆ ಅದು ಯಾರದೋ ಕಾಲು ತಂದಿಟ್ಟಂತೆ ಕಾಣುತ್ತಿತ್ತು. ದೊಡ್ಡಮ್ಮ ಕನ್ನಡಿಯಲ್ಲಿ ನೋಡಿಕೊಂಡು ಸೀರೆಯ ಅಂಚನ್ನು ಕೆಳಗೆ ಎಳೆದುಕೊಂಡರು.

ದೀಪಶ್ರೀ ಕೈಯಲ್ಲಿದ್ದ ಡಬ್ಬ ಕೆಳಗಿಟ್ಟರು. ಹತ್ತಿರ ಬಂದು, "ಮೇಡಂ, ನೀವು ಮೆಟ್ಟಿಲು ನಿಧಾನ ಹತ್ತೋದನ್ನ ನಾವು ದೊಡ್ಡಸ್ತಿಕೆ ಅಂದ್ಕೊಂಡಿದ್ವಿ" ಎಂದರು. ಅವರ ಕಣ್ಣು ತುಂಬಿತ್ತು. ದೊಡ್ಡಮ್ಮ, "ಇರ್ಲಿ ಬಿಡು, ಹಂಗಂದ್ಕೊಂಡಿದ್ದೇ ಒಳ್ಳೇದಾಯ್ತು" ಎಂದರು. ಆಮೇಲೆ ದೀಪಶ್ರೀ ಸೀರೆಯ ಅಂಚನ್ನು ಎರಡು ಬೆರಳು ಮೇಲಕ್ಕೆ ಹಿಡಿದು, ಇಷ್ಟು ಎತ್ತಿ ಉಟ್ಟರೆ ಹಿಮದಲ್ಲಿ ಒದ್ದೆಯಾಗುವುದಿಲ್ಲ, ಎಡವುವುದೂ ಇಲ್ಲ ಎಂದರು. "ಈ ಬೂಟಲ್ಲಿ ಅರಕಲಗೂಡಿಗೆ ಹೋದ್ರೆ ಜನ ಪೊಲೀಸ್ ಸ್ಟೇಷನ್ ಅಂದ್ಕೊಂಡು ಬ್ಯಾಂಕಿಗೆ ಬರೋದೇ ಬಿಡ್ತಾರೆ" ಎಂದೂ ಸೇರಿಸಿದರು. ದೊಡ್ಡಮ್ಮ ನಕ್ಕರು. ಎತ್ತಿದರೆ ಬೂಟು ಪೂರ್ತಿ ಕಾಣುತ್ತದೆ, ಯಾಕೆಂದು ಎಲ್ಲರೂ ಕೇಳುತ್ತಾರೆ. ಅದು ಅವರಿಗೆ ಗೊತ್ತಿತ್ತು. ಅದನ್ನೇ ಕೊಡಿ ಎಂದರು.

ಸೋಮವಾರದಿಂದ ದಿನಕ್ಕೆ ಸ್ವಲ್ಪ ಹೊತ್ತು ಅದನ್ನು ಬ್ಯಾಂಕಿನಲ್ಲೇ ತೊಟ್ಟರು. ಕೇಳಿದವರಿಗೆಲ್ಲ ಹೇಳಿದರು. ಸಂಜೆ ಏಳಕ್ಕೆ ಟಾರ್ಚ್. ಇನ್ನೊಂದು ತೊಂದರೆ ಉಳಿದಿತ್ತು: ಲೇಸು ಎಷ್ಟು ಬಿಗಿಯಬೇಕೆಂದು ಅವರಿಗೆ ತಿಳಿಯುವುದಿಲ್ಲ. ಹೊರಡುವ ಹಿಂದಿನ ದಿನ ದೊಡ್ಡಪ್ಪ ಕೆಂಪು ದಾರದ ಉಂಡೆ ಹಿಡಿದುಕೊಂಡು ಮಣೆಯ ಮುಂದೆ ಕೂತರು. ಎಷ್ಟು ಬಿಗಿಯಾಗಿದೆ ಎಂದು ತಿಳಿಯಲು ಬೂಟಿಗೂ ಕಾಲಿಗೂ ನಡುವೆ ಬೆರಳು ತೂರಿಸಿ ನೋಡಲೇಬೇಕು. ಅವರು ತಲೆಯೆತ್ತಿ ಅನುಮತಿಗೆ ಕಾದರು.

"ಮುಟ್ಟಿ," ಎಂದರು ದೊಡ್ಡಮ್ಮ, ಕಿಟಕಿಯ ಕಡೆ ನೋಡುತ್ತಾ.

ದೊಡ್ಡಪ್ಪ ಬೆರಳು ಹಿಡಿಸುವಷ್ಟು ಜಾಗ ಬಿಟ್ಟು, ಗಂಟು ಬರಬೇಕಾದ ಜಾಗದಲ್ಲಿ ಲೇಸಿಗೆ ಕೆಂಪು ದಾರ ಸುತ್ತಿದರು. ಕೆಂಪು ಕಂಡರೆ ಸಾಕು, ಅದಕ್ಕಿಂತ ಎಳೆಯಬೇಡ ಎಂದು ಮೂರು ಸಲ ಹೇಳಿದರು. ಬ್ಯಾಗಿನಲ್ಲೇ ಇದ್ದ ಆ ಪತ್ರವನ್ನು ದೊಡ್ಡಮ್ಮ ಅವತ್ತು ಹರಿದು ಒಲೆಗೆ ಹಾಕಿದರು.

ಶಿಮ್ಲಾದಿಂದ ದಿನಾ ಸಂಜೆ ಏಳಕ್ಕೆ ಅಂಗಾಲಿನ ಫೋಟೊ ಬರುತ್ತಿತ್ತು, ಪಕ್ಕದಲ್ಲಿ ಬಿಚ್ಚಿದ ಬಿಳಿ ಚೀಲ. ದೊಡ್ಡಪ್ಪ ಮೊಬೈಲಿನಲ್ಲಿ ಅದನ್ನು ದೊಡ್ಡದು ಮಾಡಿ, ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡುತ್ತಿದ್ದರು. ನಾಲ್ಕನೆಯ ದಿನ ಏಳು ಗಂಟೆಗೆ ಬಂದದ್ದು ಬೇರೆ ಫೋಟೊ. ಬಿಳಿ ಹಿಮದ ಮೇಲೆ ಹತ್ತು ಹನ್ನೆರಡು ಜನ ಸಾಲಾಗಿ ನಿಂತಿದ್ದಾರೆ. ನಡುವೆ ದೊಡ್ಡಮ್ಮ, ಬೂದು ಸೀರೆ, ಮೇಲೆ ಸ್ವೆಟರ್, ಸೀರೆಯ ಅಂಚು ಮೇಲಕ್ಕಿದೆ, ಕೆಳಗೆ ಆ ಎರಡು ಉಂಡೆ ಬೂಟು. ಅವರು ನಗುತ್ತಿದ್ದರು. ದೊಡ್ಡಪ್ಪ ಮುಖ ನೋಡಲಿಲ್ಲ, ಬೂಟಿನ ಮೇಲೇ ಬೆರಳಿಟ್ಟು ದೊಡ್ಡದು ಮಾಡಿದರು. ಕೆಂಪು ದಾರ ಕಾಣುತ್ತದೆಯೇ ಎಂದು ನನ್ನನ್ನೂ ಕರೆದು ಕೇಳಿದರು. ಎಡಗಾಲಿನದು ಕಂಡಂತಿತ್ತು, ಖಚಿತವಾಗಿ ಹೇಳಲು ನನಗೆ ಧೈರ್ಯ ಬರಲಿಲ್ಲ. ಏಳೂವರೆಯಾಯಿತು. ಫೋನ್ ಮಾಡಿದರೆ ಎತ್ತಲಿಲ್ಲ. ಅನ್ನ ಆರುತ್ತಿತ್ತು, ಯಾರೂ ತಟ್ಟೆ ಹಾಕಲಿಲ್ಲ.

ಏಳು ಐವತ್ತಕ್ಕೆ ಅಂಗಾಲಿನ ಫೋಟೊ ಬಂತು. ಬಿಳಿ ಚೀಲವೂ ಇತ್ತು. ದೊಡ್ಡಪ್ಪ ಬೆಳಕಿನ ಕೆಳಗೆ ಹೋಗಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ಕಿರುಬೆರಳು ಇದ್ದ ಜಾಗವನ್ನು ಎರಡು ಸಲ ನೋಡಿದರು.

"ಏನೂ ಇಲ್ಲ," ಎಂದು ಹೇಳಿ, ತಟ್ಟೆ ಹಾಕಲು ಸನ್ನೆ ಮಾಡಿದರು. ಕೂತ ಮೇಲೆ, ಇನ್ನೂ ಒಂದು ದಿನ ಇದೆ ಎಂದರು.