ಬ್ರೇಕು ಹಿಡಿಯದ ದಿನಗಳು

ನನ್ನ ಬೈಕು ನನ್ನ ವಯಸ್ಸಿಗೆ ಒಪ್ಪುವಂಥದ್ದಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಲವತ್ತಾರರಲ್ಲಿ ಸ್ಪೋರ್ಟ್ಸ್ ಬೈಕಿನ ಮೇಲೆ ಬಾಗಿ ಕುಳಿತರೆ ಹುಲಿಯಂತೆ ಕಾಣುತ್ತೇನೆಂಬುದು ನನ್ನ ನಂಬಿಕೆ. ಬಿದ್ದುಹೋದ ಚಾವಿ ಹುಡುಕುವವರಂತೆ ಕಾಣುತ್ತೀರಿ ಎಂಬುದು ಹೆಂಡತಿಯ ಅಭಿಪ್ರಾಯ. ಟ್ಯಾಂಕಿನ ಮೇಲೆ ಹೊಟ್ಟೆ ಕೂರುತ್ತದೆ, ಅದರ ಹಿಂದೆ ನಾನು ಕೂರುತ್ತೇನೆ. ಆದರೂ ವಿಜಯಪುರದಿಂದ ಬಬಲೇಶ್ವರದ ಕಚೇರಿಗೆ ಹೋಗುವ ಆ ಅರ್ಧ ಗಂಟೆ ಪೂರ್ತಿ ನನ್ನದು. ಮನೆಯಲ್ಲಿ ಗಂಡ, ಕಚೇರಿಯಲ್ಲಿ ಗುಮಾಸ್ತ. ಇವೆರಡರ ನಡುವೆ ಮಾತ್ರ ನಾನು ಯಾರ ಮಾತನ್ನೂ ಕೇಳಬೇಕಾಗಿಲ್ಲ.

ಈ ಸುಖಕ್ಕೆ ಇದ್ದ ಒಂದೇ ಕಂಟಕ ಗುರುಪಾದ ಮಾಸ್ತರು. ಬಬಲೇಶ್ವರದ ಶಾಲೆಯಲ್ಲಿ ಗಣಿತ ಕಲಿಸುವ ಅವರು ದಿನಾ ಬೆಳಿಗ್ಗೆ ನಗರದಾಚೆಯ ಬೇವಿನ ಮರದಡಿ ಬಸ್ಸಿಗೋ ಜೀಪಿಗೋ ಕಾಯುತ್ತ ನಿಂತಿರುತ್ತಾರೆ. ನಾನು ಕಂಡ ಕೂಡಲೇ ಕೈ ಎತ್ತುತ್ತಾರೆ. ನಮ್ಮ ಕಡೆ ಬೈಕಿನ ಹಿಂದಿನ ಸೀಟು ಊರಿನ ಆಸ್ತಿ. ಗುರುತಿನವರು ಕೈ ಎತ್ತಿಯೂ ನಿಲ್ಲಿಸದವನ ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟುತ್ತದೆ. ಮಾಸ್ತರೇನೋ ಒಳ್ಳೆಯವರು. ಆದರೆ ಒಮ್ಮೆ ಬಸ್ಸಿನಲ್ಲಿ ಅವರ ಪಕ್ಕ ಕುಳಿತಿದ್ದೆ. ಮಗಳ ಬಾಣಂತನದಿಂದ ಶುರುವಾದ ಮಾತು ನಿಡೋಣಿಯ ದ್ರಾಕ್ಷಿಗೆ ಹೊಡೆಯುವ ಔಷಧಿಯ ತನಕ ಹೋಗಿ, ಬಸ್ಸು ನಿಂತರೂ ಅದು ನಿಂತಿರಲಿಲ್ಲ.

ನಿಲ್ಲಿಸಿದರೆ ನನ್ನ ಅರ್ಧ ಗಂಟೆ ಹೋಗುತ್ತದೆ, ನಿಲ್ಲಿಸದಿದ್ದರೆ ಮಾನ ಹೋಗುತ್ತದೆ. ಎರಡನ್ನೂ ಉಳಿಸಿಕೊಳ್ಳಲು ಒಂದು ಸುಳ್ಳು ಸಾಕಾಯಿತು. ಸಂತೆಯಲ್ಲಿ ಸಿಕ್ಕಾಗ ನಾನೇ ಮೊದಲು ಬಾಯಿ ಬಿಟ್ಟೆ.

"ಮಾಸ್ತರ, ಗಾಡಿ ಬ್ರೇಕ್ ಹಿಡ್ಯಂಗಿಲ್ಲರಿ. ನಿಮ್ಮ ಮುಂದ ನಿಂದರ್ಸಬೇಕಂದ್ರ ಮನಿ ಬಿಟ್ಟಾಗಿಂದನ ಹಿಡಕೋತ ಬರಬೇಕ. ಗಾಲಿ ಬೇರಿಂಗ್ ಬ್ಯಾರೆ ಗುಂಯ್ ಅಂತಾವ, ನೀವು ಕರದದ್ದೂ ಕೇಳಂಗಿಲ್ಲ."

"ಇರಲಿ ಬಿಡ್ರಿ ಸರ, ನೀವು ಹುಷಾರ್ ಹೋಗ್ರಿ," ಎಂದರು ಪಾಪ. ಗೋಳಗುಮ್ಮಟದಲ್ಲಿ ಪಿಸುಗುಟ್ಟಿದರೂ ಆ ತುದಿಗೆ ಕೇಳುತ್ತದೆ ಎಂದು ಪ್ರವಾಸಿಗರ ಮುಂದೆ ಹೆಮ್ಮೆಪಡುವ ಊರಿನವನು ನಾನು. ಹತ್ತು ಮಾರಿನ ಆಚೆಯಿಂದ ಕೂಗಿದ್ದು ಕೇಳುವುದಿಲ್ಲ ಎಂದು ಹೇಳಲು ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.

ಆದರೆ ಯಂತ್ರಗಳಿಗೂ ಕಿವಿ ಇರಬೇಕು. ಆರೇ ತಿಂಗಳಲ್ಲಿ ಹಿಂದಿನ ಗಾಲಿ ನಿಜವಾಗಿಯೂ ಗುಂಯ್‌ಗುಡತೊಡಗಿತು. ಒಂದು ದಿನ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬ್ರೇಕ್ ಒತ್ತಿದರೆ ಲಿವರು ಹ್ಯಾಂಡಲ್ಲಿಗೆ ಬಂದು ಮುಟ್ಟಿತು, ಗಾಡಿ ಮಾತ್ರ ತನ್ನ ಪಾಡಿಗೆ ಹೊರಟಿತ್ತು. ಹೇಗೋ ಪಕ್ಕಕ್ಕೆ ಎಳೆದುಕೊಂಡು ಬದುಕಿದೆ. ಹೆಲ್ಮೆಟ್ಟಿಗೆ ಕಬ್ಬಿನ ಗರಿ ಸಿಕ್ಕಿಸಿಕೊಂಡು, ಕಚೇರಿಗೆ ರಜೆ ಹಾಕಿ, ನೇರ ತಿಕೋಟಾ ರಸ್ತೆಯ ಮಿಲಿಂದ ಮಿಸ್ತ್ರಿಯ ಗ್ಯಾರೇಜಿಗೆ ಬಂದೆ.

ಮಿಲಿಂದ ಗಾಲಿ ಹಿಡಿದು ಅಲ್ಲಾಡಿಸಿದ. "ಸರ, ಬೇರಿಂಗ್ ಸತ್ತಾವ್ರಿ. ಮುದುಕರ ಹಲ್ಲ ಅಳ್ಳಾಡಿದಂಗ ಅಳ್ಳಾಡಾಕತ್ತೈತಿ. ಹಾಕೂದ ಆದ್ರ ಚಲೋವ ಹಾಕೂಣ್ರಿ."

ಚಲೋವೇ ಹಾಕಿದ. ಧೂಳು ನುಗ್ಗದಂತೆ ಎರಡೂ ಕಡೆ ಮುಚ್ಚಿದ ಬೇರಿಂಗು, ರೇಸಿನವರು ಬಳಸುವಂಥ ಬ್ರೇಕ್ ಪ್ಯಾಡು, ರಬ್ಬರ್ ಪೈಪಿನ ಬದಲು ಉಕ್ಕಿನ ಹೆಣಿಗೆಯ ಪೈಪು. ನಮ್ಮ ಊರಿನ ಟಾಂಗಾಗಳಿಗೆ ಬ್ರೇಕು ಟಾಂಗಾವಾಲಾನ ನಾಲಗೆಯಲ್ಲೇ ಇರುತ್ತದೆ. ಅವನು 'ಹೋ' ಎಂದರೆ ಕುದುರೆ ನಿಲ್ಲುತ್ತದೆ. ನನ್ನ ಗಾಡಿ ಈಗ 'ಹೋ' ಎನ್ನುವ ಮೊದಲೇ ನಿಲ್ಲತೊಡಗಿತು. ಗಾಲಿ ತಿರುಗುವ ಸದ್ದೇ ಇಲ್ಲ. ಮನುಷ್ಯ ಚಕ್ರ ಕಂಡುಹಿಡಿದವನನ್ನು ಹೊಗಳುತ್ತಾನೆ, ಅದನ್ನು ನಿಲ್ಲಿಸಲು ಕಲಿಸಿದವನನ್ನು ಮರೆಯುತ್ತಾನೆ ಎಂದೆಲ್ಲ ತತ್ವಜ್ಞಾನ ಹೊಳೆಯಿತು. ಮಿಲಿಂದ ಗುರುಪಾದ ಮಾಸ್ತರ ಹಳೆಯ ವಿದ್ಯಾರ್ಥಿ ಎಂಬುದು ಮಾತ್ರ ಹೊಳೆಯಲಿಲ್ಲ.

ಮರುದಿನ ಮಾಸ್ತರು ಬೇವಿನ ಮರ ಬಿಟ್ಟು ರಸ್ತೆಯಂಚಿಗೇ ಬಂದು ಕೈ ಎತ್ತಿದರು. "ಬ್ರೇಕ್ ಭಾರಿ ಆಗ್ಯಾವಂತಲ್ರಿ ಸರ! ಮಿಲಿಂದ ಫೋನ್ ಮಾಡಿ ಹೇಳ್ಯಾನ!" ಎಂದು ಕೂಗಿದ್ದು ಒಂದಕ್ಷರ ಬಿಡದೆ ಕೇಳಿಸಿತು. ಗಾಡಿ ಅವರ ಚಪ್ಪಲಿಯ ಮುಂದೆ ಬಂದು ನಿಂತಿತು. ಸ್ಟೂಲಿನಂತಿರುವ ಹಿಂದಿನ ಸೀಟನ್ನು ಒಂದು ಸಲ ನೋಡಿ, ಧೈರ್ಯ ತಂದುಕೊಂಡು ಹತ್ತಿದರು.

ಮಾತಿನ ಮಳೆಗೆ ಕಾದೆ. ಒಂದು ಹನಿಯೂ ಬೀಳಲಿಲ್ಲ. ಬಬಲೇಶ್ವರ ಬರುವ ತನಕ ನನ್ನ ಭುಜ ಹಿಂಡುತ್ತಿದ್ದ ಕೈಗಳಷ್ಟೇ ಅವರು ಹಿಂದಿರುವುದನ್ನು ಹೇಳುತ್ತಿದ್ದವು. ಇಳಿದು ಉಸಿರು ಬಿಟ್ಟು ಹೇಳಿದರು:

"ಸಿಟ್ಟಿಗೇಳಬ್ಯಾಡ್ರಿ ಸರ. ನಿಮ್ಮ ಬ್ರೇಕ್ ಮೊದಲ ಚಲೋನ ಇದ್ದೂವು ಅಂತ ನನಗ ಗೊತ್ತಿತ್ರಿ. ನನ್ನ ದಾಟಿ ಹೋಗಿ ಚಾದಂಗಡಿ ಮುಂದ ಬರೋಬ್ಬರಿ ನಿಂದರ್ತಿತ್ತಲ್ರಿ ಗಾಡಿ."

ನನ್ನ ಮುಖ ಹೆಲ್ಮೆಟ್ಟಿನೊಳಗೇ ಇದ್ದದ್ದು ಪುಣ್ಯ. "ಮತ್ತ ದಿನಾ ಯಾಕ ಕೈ ಎತ್ತತಿದ್ರಿ?"

"ಗುರುತಿನವರಿಗೆ ಕೈ ಎತ್ತಲಿಲ್ಲಂದ್ರ ನಿಮಗ ಬ್ಯಾಸರ ಆಗ್ತೈತಲ್ರಿ. ಹೆಂಗೂ ನೀವು ನಿಂದರ್ಸಂಗಿಲ್ಲ ಅನ್ನೂ ಧೈರ್ಯದ ಮ್ಯಾಲೆ ಎತ್ತತಿದ್ನಿ. ಇವತ್ತ ಹೊಸ ಬ್ರೇಕಿಗೆ ಒಂದ ಚಲೋ ಮಾತ ಹೇಳೂಣಂತ ಮುಂದ ಬಂದ್ರ ನೀವು ನಿಂದರ್ಸೇ ಬಿಟ್ರಿ, ಹತ್ತಲಿಲ್ಲಂದ್ರ ಹೆಂಗ್ರಿ? ನನಗ ಜೀಪಿನಾಗ ಹತ್ತ ಮಂದಿ ಜೋಡಿ ಮಾತಾಡ್ಕೋತ ಬರೂದ ಚಲೋ ಅನಸ್ತೈತಿ. ಇಲ್ಲಿ ಯಾರ ಜೋಡಿ ಮಾತಾಡ್ಲಿ, ಹೆಲ್ಮೆಟ್ ಜೋಡಿ?"

ನನಗೆ ನಿಜಕ್ಕೂ ನೋವಾಯಿತು. ಇಷ್ಟು ತಿಂಗಳು ಒಬ್ಬರು ನನ್ನ ಹಿಂದಿನ ಸೀಟಿಗಾಗಿ ಹಂಬಲಿಸುತ್ತಿದ್ದಾರೆ ಎಂದುಕೊಂಡಿದ್ದೆ. ಕೇಳಿದ್ದನ್ನು ಕೊಡದವನಿಗೆ ಒಂದು ಗತ್ತಾದರೂ ಇರುತ್ತದೆ. ಯಾರೂ ಬಯಸದ್ದನ್ನು ಬಚ್ಚಿಟ್ಟವನಿಗೆ ಏನಿದೆ?

ಈಗ ಮಾಸ್ತರು ಕೈ ಎತ್ತುವುದಿಲ್ಲ. ನಾನೇ ಅವರ ಮುಂದೆ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, "ಬರ್ರಿ ಮಾಸ್ತರ, ಸಾವಕಾಶ ಮಾತಾಡ್ಕೋತ ಹೋಗೂಣು," ಎನ್ನುತ್ತೇನೆ.

"ನೀವು ನಡೀರಿ ಸರ, ಜೀಪ ಬಂದ ಬಿಡ್ತು," ಎನ್ನುತ್ತಾರೆ.

ತಿರುಗಿ ನೋಡುತ್ತೇನೆ. ಕಣ್ಣು ಹಾಯುವಷ್ಟು ದೂರವೂ ರಸ್ತೆ ಖಾಲಿ.